ಪಿಸುಮಾತಿನ ಕೆಲಸ

ಹಗಲಿಡೀ ನನ್ನದು ದೊಡ್ಡ ದನಿ.
ಕಾರವಾರ ಬಸ್‌ಸ್ಟ್ಯಾಂಡಿನ ಗಾಜಿನ ಗೂಡಲ್ಲಿ ಕೂತು
ಅಂಕೋಲಾ ಕುಮಟಾ ಹೊನ್ನಾವರ ಮಾರ್ಗವಾಗಿ ಭಟ್ಕಳ ಎನ್ನುತ್ತೇನೆ.
ಎರಡು ಸಲ ಹೇಳಿದ ಮೇಲೂ ಯಾರೋ ಕಿಟಕಿಗೆ ಮೂಗು ತಾಗಿಸಿ
ಭಟ್ಕಳದ ಬಸ್ ಯಾವಾಗ ಎಂದು ಕೇಳುತ್ತಾರೆ.

ಬೈತಖೋಲದ ತಂಡಕ್ಕೆ ಸೇರಲು ಹೋದದ್ದು ಪಾತ್ರ ಸಿಕ್ಕೀತೆಂದು.
ರಾಣಿ ಬೇಡ, ಕನಿಷ್ಠ ಒಂದು ಅತ್ತೆ.
ಬಲೆ ಹೆಣೆಯುವ ಶೆಡ್ಡಿನಲ್ಲಿ ತಾಲೀಮು;
ಮೂಲೆಯಲ್ಲಿ ನೈಲಾನ್ ಬಲೆಯ ನೀಲಿ ಗುಡ್ಡ,
ಅದರ ಮೇಲೊಂದು ಬೆಕ್ಕು, ನಮ್ಮ ಮೊದಲ ಪ್ರೇಕ್ಷಕ.
ನಿರ್ದೇಶಕ ಪ್ರೇಮಾನಂದ ರೇವಣಕರ, ಬೆಳ್ಳಿ ಅಂಗಡಿಯವರು,
ತಕ್ಕಡಿಗೆ ಹಾಕಿದಂತೆ ನನ್ನನ್ನು ನೋಡಿ
"ಓದಲು ಬರುತ್ತದಲ್ಲ?" ಎಂದರು.
ಟಾರ್ಚು ಕೊಟ್ಟರು, ಹಸ್ತಪ್ರತಿ ಕೊಟ್ಟರು,
ಪಕ್ಕದ ಪರದೆಯ ಹಿಂದೆ ಒಂದು ಸ್ಟೂಲು,
ಅದರ ಗಿಡ್ಡ ಕಾಲಿನಡಿಗೆ ಮಡಚಿದ ಬೆಂಕಿಪೊಟ್ಟಣ.

ನಾಟಕ ಕಾಳಿ ನದಿ ದಡದ ಸುಂಕದವನದು.
ಸುಂಕದವನಾಗಿ ರೋಹಿದಾಸ ತಾಂಡೇಲ, ಐಸ್ ಫ್ಯಾಕ್ಟರಿಯವನು.
ಮನೆಮಾತು ಕೊಂಕಣಿ; ಕನ್ನಡ ಅವನಿಗೆ
ಹೊಸ ಚಪ್ಪಲಿಯಂತೆ, ಸ್ವಲ್ಪ ಕಚ್ಚುತ್ತದೆ.
ಮಗಳನ್ನು "ಅದು" ಎಂದುಬಿಟ್ಟು ತಾನೇ ಮೊದಲು ನಗುತ್ತಾನೆ.
ಕೊನೆಯ ಅಂಕದಲ್ಲಿ ಒಬ್ಬ ಹೆಂಗಸು ಅವನನ್ನು ಕೇಳುತ್ತಾಳೆ,
ಇಷ್ಟು ವರ್ಷ ಇಲ್ಲಿ ಕೂತು ಏನು ಎಣಿಸಿದೆಯಪ್ಪ?
ಅವನು ಹೇಳಬೇಕು: ದಾಟಿದವರನ್ನಲ್ಲ, ಮರಳದವರನ್ನು.

ಮೊದಲ ಪ್ರದರ್ಶನ ಕೋಡಿಬಾಗದ ಶಾಲೆಯ ಅಂಗಳದಲ್ಲಿ.
ಪ್ರಶ್ನೆ ಬಂತು. ಅವನು ಸುಮ್ಮನೆ ನಿಂತ.
ಮೂರು ಎಣಿಸಿ ಪಿಸುಗುಟ್ಟಿದೆ.
ಹದಿನಾರು ವರ್ಷ ಮೈಕಿಗೆ ಪಳಗಿದ ಗಂಟಲು;
ಅದರ ಪಿಸುಮಾತೂ ನಾಲ್ಕನೇ ಪ್ಲಾಟ್‌ಫಾರ್ಮಿಗೆ ಮುಟ್ಟುವಂಥದ್ದು.
ಮುಂದಿನ ಸಾಲಿನ ಹುಡುಗ ಅದನ್ನೇ ಗಟ್ಟಿಯಾಗಿ ತಿರುಗಿ ಹೇಳಿದ.
ಜನ ನಕ್ಕರು.
ಒಳಗೆ ಬಂದವನು ಅಂಟಿಸಿದ ಮೀಸೆ ಕೀಳುತ್ತ
"ಬಾಯೀ, ಅದು ಮರೆತದ್ದಲ್ಲ, ಸುಮ್ಮನಿದ್ದದ್ದು" ಎಂದ.
ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ತಿಂಗಳುಗಟ್ಟಲೆ ಅವನನ್ನೇ ಓದಿದೆ.
ಪಕ್ಕದಿಂದ ಕಾಣುವುದಿಷ್ಟೇ: ಒಂದು ಕಿವಿ, ಅರ್ಧ ಬೆನ್ನು, ಹೆಬ್ಬೆರಳು.
ಮರೆತಾಗ ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತದೆ,
ಅಲ್ಲೊಂದು ಐಸಿನ ಚೂರು ಅಂಟಿದೆಯೋ ಎಂಬಂತೆ.
ಸುಮ್ಮನಿದ್ದಾಗ ಆ ಕೈ
ಒರಗಿಸಿಟ್ಟ ಹುಟ್ಟು, ಅಲುಗುವುದಿಲ್ಲ.
ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದೆ:
ಇಲ್ಲಿ ಉಸಿರು. ಇಲ್ಲಿ ಹೆದರಿಕೆ. ಇಲ್ಲಿ ಕೆಮ್ಮು, ನಿಜದ್ದು.

ಅಂಕೋಲಾದಲ್ಲಿ ಎರಡನೆಯದು. ಸೆಕೆ.
ಬಾಡಿಗೆ ಫ್ಯಾನು ನನ್ನ ಹಾಳೆಗಳನ್ನು ಹಾರಿಸುತ್ತಿತ್ತು.
ಪ್ರಶ್ನೆ ಬಂತು. ಅವನು ನಿಂತ.
ಕೈ ಅಲುಗಲಿಲ್ಲ. ನಾನು ಟಾರ್ಚು ಆರಿಸಿದೆ,
ಹೆಮ್ಮೆಯಿಂದಲೇ.
ಹತ್ತು. ಇಪ್ಪತ್ತು.
ಹೆದ್ದಾರಿಯಲ್ಲಿ ಲಾರಿಯೊಂದು ಗೇರು ಬದಲಿಸಿತು.
ಎದುರು ನಿಂತ ಶಾಲನ ಬಾಂದೇಕರ ಕಣ್ಣಲ್ಲಿ
ಯಾರೂ ಹೇಳಿಕೊಡದ ನೀರು.
ಒಂದು ಕುರ್ಚಿಯೂ ಕಿರುಗುಟ್ಟಲಿಲ್ಲ.
ಆಗ ಹೇಳಿದ, ಹಸ್ತಪ್ರತಿಯಲ್ಲಿಲ್ಲದ ಒಂದೇ ಮಾತು,
ಅವ್ವನ ಮನೆಯ ಮಾತು:
"ಕಳನಾ."
ತಿಳಿಯದು.

ಪರದೆ ಬಿದ್ದಾಗ ಜನ ಎದ್ದು ನಿಂತಿದ್ದರು.
ರೇವಣಕರರು ಅವನನ್ನು ಅಪ್ಪಿಕೊಂಡರು, ಲೈಟಿನವನನ್ನು,
ಸಿಕ್ಕಿದ ಖುಷಿಗೆ ಫ್ಯಾನಿನ ಅಂಗಡಿಯವನನ್ನೂ.
ನಾನು ಸ್ಟೂಲನ್ನು ಟೆಂಪೋಗೆ ಏರಿಸುತ್ತಿದ್ದೆ. ಬಂದ,
ಬಣ್ಣ ಬೆವರಲ್ಲಿ ಇಳಿದು ಕುತ್ತಿಗೆ ಕೆಂಪು.
"ಯಾಕೆ ಹೇಳಿಕೊಡಲಿಲ್ಲ ಬಾಯೀ?
ಪೂರಾ ಮರೆತಿದ್ದೆ. ನನ್ನ ಹೆಸರನ್ನೂ."

ಇದನ್ನು ನಾವಿಬ್ಬರೂ ಯಾರಿಗೂ ಹೇಳಿಲ್ಲ.
ಮೂರನೆಯದು ಮಾಜಾಳಿಯಲ್ಲಿ, ದೀಪಾವಳಿ ಕಳೆದ ಮೇಲೆ.
ರೇವಣಕರರು ಆ ಮಾತನ್ನೀಗ ಹಸ್ತಪ್ರತಿಗೆ ಸೇರಿಸಿದ್ದಾರೆ,
ಅದರ ಹಿಂದೆ ಕೆಂಪು ಶಾಯಿಯಲ್ಲಿ: ದೀರ್ಘ ಮೌನ.
ಎಷ್ಟು ದೀರ್ಘ ಎಂದು ಕೇಳಿದೆ.
ಅದು ನಿಮಗೇ ಗೊತ್ತಲ್ಲ ಎಂದರು.

ಮರುದಿನ ಆರೂಕಾಲರ ಭಟ್ಕಳ.
ಮೈಕಿನ ಗುಂಡಿ ಒತ್ತಿದೆ. ಹೊರಗಿನ್ನೂ ಮಬ್ಬು,
ಮೀನಿನ ಬುಟ್ಟಿಯವರು ಸಾಲಾಗಿ ನಿಂತಿದ್ದರು.
ಊರಿನ ಹೆಸರುಗಳು ತುದಿನಾಲಿಗೆಯಲ್ಲಿದ್ದವು,
ಹಾಗೇ ಇಟ್ಟುಕೊಂಡೆ.
ಕಂಡಕ್ಟರು ಗಾಜು ಬಡಿದ: "ಮೇಡಂ, ಮರೆತಿರಾ?"
ನಾನು ನನ್ನ ಹೆಬ್ಬೆರಳು ನೋಡಿಕೊಂಡೆ.