ಪಾಕದ ಹದ

ಮಂಡ್ಯದ ನೂರಡಿ ರಸ್ತೆ, ಔಷಧಿ ಅಂಗಡಿಯ ಮಹಡಿ,
ಅಲ್ಲಿ ನನ್ನ ಸೂಕ್ಷ್ಮದರ್ಶಕ.
ಕಿಟಕಿ ತೆರೆದರೆ ಸಕ್ಕರೆ ಕಾರ್ಖಾನೆಯ ಹುಳಿ ವಾಸನೆ,
ಮುಚ್ಚಿದರೆ ಫಾರ್ಮಲಿನ್.

ಗಾಜಿನ ಮೇಲೆ ಇವತ್ತು
ರೂಪಕಲಾ, ಮೂವತ್ತೆರಡು, ಕೀಲಾರ.
ಅಕ್ಕಿನುಚ್ಚಿನಷ್ಟು ಒಳಪದರ
ಮೇಣದಲ್ಲಿ ಕೂತು, ಕೂದಲಿಗಿಂತ ತೆಳ್ಳಗೆ ಸೀಳಿಸಿಕೊಂಡು
ನೀಲಿಯಲ್ಲೂ ಗುಲಾಬಿಯಲ್ಲೂ ಮಿಂದು ಬಂದಿದೆ.
ಮೈಸೂರಿನಲ್ಲಿ ಎರಡು ಸಲ ಭ್ರೂಣ ಇಟ್ಟರಂತೆ.
ಎರಡು ಸಲವೂ ನಿಲ್ಲಲಿಲ್ಲ.
"ಹೊಲ್ವೇ ಸರಿ ಇಲ್ಲ ಬುಡಿ" ಅಂದಳಂತೆ ಅತ್ತೆ,
ಆಸ್ಪತ್ರೆಯ ಬೆಂಚಿನಲ್ಲಿ, ಎಲ್ಲರೆದುರು.

ಹೊಲ!
ಹೊಲ ಸುಮ್ಮನೆ ಬಿದ್ದುಕೊಂಡಿರುತ್ತದೆ.
ಇದು ದಿನ ಎಣಿಸುತ್ತದೆ, ಬಂದವರ ಮುಖ ಓದುತ್ತದೆ,
ಅಗುಳಿ ಹಾಕುತ್ತದೆ, ತೆಗೆಯುತ್ತದೆ.
ನನ್ನನ್ನು ಕೇಳಿದರೆ ಇದು ಆಲೆಮನೆ.

ಮೊದಲು ಈಸ್ಟ್ರೋಜನ್ ಬರುತ್ತಾಳೆ,
ನಸುಕಿನ ನಾಲ್ಕಕ್ಕೇ ಎದ್ದು ಒಲೆ ಹೊತ್ತಿಸುವವಳು.
ಹಳೆಯದೆಲ್ಲ ಹರಿದುಹೋದ ನೆಲದಲ್ಲಿ
ಕೋಶದ ಮೇಲೆ ಕೋಶ,
ಗ್ರಂಥಿಗಳು ನೆಟ್ಟಗೆ ನಿಂತ ಕಬ್ಬಿನ ಸಾಲು.
ಜೊತೆಗೆ ಇನ್ನೊಂದು ಕೆಲಸ ಮಾಡಿಟ್ಟಿರುತ್ತಾಳೆ:
ತನ್ನ ಹಿಂದೆ ಬರುವವಳು ಚೀಲ ತೂಗುಹಾಕಲೆಂದು
ಗೋಡೆಗೋಡೆಗೂ ಗೂಟ.

ಬರುವವಳು ಪ್ರೊಜೆಸ್ಟರಾನ್. ಮಾತು ಕಡಿಮೆ.
ಬಂದವಳೇ "ಬೆಳೆದದ್ದು ಸಾಕು" ಅನ್ನುತ್ತಾಳೆ.
ಗ್ರಂಥಿಗಳು ನುಲಿದುಕೊಂಡು ಒಳಗೊಳಗೇ
ಸಕ್ಕರೆ ಕೂಡಿಡಲು ತೊಡಗುತ್ತವೆ.
ಹೌದು, ಸಕ್ಕರೆಯೇ. ಗ್ಲೈಕೋಜನ್.
ನನ್ನ ಗಾಜಿಗೆ ಬರುವ ಹೊತ್ತಿಗೆ ಅದು ತೊಳೆದುಹೋಗಿರುತ್ತದೆ,
ಕೋಶಕೇಂದ್ರದ ಕೆಳಗೊಂದು ಬಿಳಿ ಗುಳ್ಳೆ ಮಾತ್ರ,
ಅದು ಇದ್ದ ಜಾಗ.

ಆಮೇಲೆ ಜೀನುಗಳು. ಹಾಕ್ಸ್ ಎ ಹತ್ತು ಅಂತ ಒಂದು,
ಬಸ್ಸಿನ ನಂಬರಿನಂಥ ಹೆಸರು.
ರೂಪಕಲಾ ತನ್ನಮ್ಮನೊಳಗೆ ಹೆಬ್ಬೆರಳಷ್ಟಿದ್ದಾಗ
ಗರ್ಭಕೋಶ ಇಲ್ಲಿರಲಿ ಎಂದು ಗೆರೆ ಎಳೆದವರಲ್ಲಿ ಇದೂ ಇತ್ತು.
ಮನೆ ಕಟ್ಟಿದ ಮೇಸ್ತ್ರಿ
ಮೂವತ್ತು ವರ್ಷ ಕಳೆದರೂ ಊರು ಬಿಡದೆ
ತಿಂಗಳಿಗೊಮ್ಮೆ ಬಂದು
ಬಾಗಿಲ ಬಿಜಾಗರಿಗೆ ಎಣ್ಣೆ ಬಿಟ್ಟು ಹೋಗುತ್ತಾನೆ.

ಇಷ್ಟಾದರೂ, ಹದ ಅನ್ನುವುದು ಬೇರೆ.

ನಮ್ಮೂರ ಆಲೆಮನೆಯಲ್ಲಿ ಪಾಕ ನೋಡುತ್ತಿದ್ದವನು
ಪುಟ್ಟಮಾದು ಮಾವ. ಗಡಿಯಾರ ಕಟ್ಟಿದವನಲ್ಲ.
ಕೊಪ್ಪರಿಗೆಯಿಂದ ಒಂದು ಹನಿ ಎತ್ತಿ
ತಣ್ಣೀರ ಚೊಂಬಿಗೆ ಬಿಡುತ್ತಿದ್ದ.
ಹರಡಿದರೆ ಇನ್ನೂ ಹಸಿ.
ತಳಕ್ಕೆ ಬಿದ್ದು ಟಣ್ ಅಂದರೆ ಹೋಯಿತು.
ನಡುವೆ ಒಂದೇ ಗಳಿಗೆ
ಹನಿ ಬೆರಳಿಗೆ ಉಂಡೆಯಾಗಿ ಸಿಕ್ಕುತ್ತಿತ್ತು.
"ಇಳ್ಸ್ರಲಾ!" ಎಂದು ಕೂಗುತ್ತಿದ್ದ,
ಇಡೀ ಆಲೆಮನೆ ಎದ್ದು ಓಡುತ್ತಿತ್ತು.

ಒಡಲಿಗೂ ಹಾಗೇ, ತಿಂಗಳಲ್ಲಿ ಮೂರೋ ನಾಲ್ಕೋ ದಿನ.
ಕಾವಲಿದ್ದ ಲೋಳೆ ಸರಿದು ದಾರಿ ಬಿಡುತ್ತದೆ,
ಹಿಡಿದುಕೊಳ್ಳುವ ಕೈಗಳು ಮೇಲೇಳುತ್ತವೆ.
ಆಮೇಲೆ ಯಾರೇ ಬರಲಿ, ಗೋಡೆ.

ರೂಪಕಲಾಳ ಗುಳ್ಳೆಗಳನ್ನು ಎಣಿಸುತ್ತೇನೆ.
ಚೀಟಿಯಲ್ಲಿ ಪ್ರೊಜೆಸ್ಟರಾನಿನ ಆರನೇ ದಿನ.
ಈ ಹೊತ್ತಿಗೆ ಕರಗಿರಬೇಕಿದ್ದ ಗುಳ್ಳೆಗಳು
ಇನ್ನೂ ಸಾಲಾಗಿ ಕೂತಿವೆ, ಪಂಕ್ತಿ ಎದ್ದಿಲ್ಲ.
ಒಲೆ ಆರಿಲ್ಲ, ರಸ ಹುಳಿತಿಲ್ಲ,
ಇವಳ ಪಾಕ ಎರಡು ದಿನ ತಡ.
ಅತಿಥಿ ಬಂದಾಗ ಹನಿ ಇನ್ನೂ ಹರಡುತ್ತಿತ್ತೇನೋ.

ಹೀಗೆಲ್ಲ ಬರೆಯುವಂತಿಲ್ಲ.
"ಒಳಪದರ ದಿನಾಂಕಕ್ಕಿಂತ ಹಿಂದಿದೆ." ಸಹಿ.
ಮೈಸೂರಿನ ಡಾಕ್ಟರಮ್ಮ ಫೋನಿನಲ್ಲಿ:
ಇದೊಂದನ್ನೇ ನಂಬೋಕಾಗಲ್ಲ ಕಣ್ರೀ,
ಮುಂದಿನ ತಿಂಗಳು ಬೇರೆಯೇ ಇರಬಹುದು,
ಭ್ರೂಣದ್ದೇ ದೋಷ ಇರಬಹುದು.
ಇರಬಹುದು. ಮಾದು ಮಾವನೂ
ವರ್ಷಕ್ಕೆರಡು ಕೊಪ್ಪರಿಗೆ ಕೆಡಿಸುತ್ತಿದ್ದ.

ಮಧ್ಯಾಹ್ನದಿಂದ ನನಗೂ ಹೊಟ್ಟೆ ನುಲಿಯುತ್ತಿದೆ.
ಒಲೆ ಹೊತ್ತಿ, ರಸ ಕುದ್ದು, ಹದಕ್ಕೆ ಬಂದು,
ಈಗ ಎಲ್ಲ ಚೆಲ್ಲುವ ಹೊತ್ತು.
ನಲವತ್ತೊಂದಾಯಿತು. ನಾನು ಯಾರನ್ನೂ ಕರೆದವಳಲ್ಲ,
ಬರುತ್ತೇನೆಂದು ಯಾರೂ ಹೇಳಿಕಳಿಸಿರಲಿಲ್ಲ.
ಆದರೂ ಒಂದು ತಿಂಗಳಾದರೂ
ಅರೆಮನಸ್ಸಿನಿಂದ ಮಾಡಿದ್ದಿಲ್ಲ ಅದು.

ಐದೂವರೆಗೆ ವರದಿ ಒಯ್ಯಲು ಅತ್ತೆಯೇ ಬಂದಿದ್ದಾಳೆ,
ಮೆಟ್ಟಿಲು ಹತ್ತಿ ಏದುಸಿರು, ಸೆರಗಿನಲ್ಲಿ ಬಸ್ ಚಾರ್ಜು.
ಅಂಟಿಸಿದ ಲಕೋಟೆಯನ್ನು ಬೆಳಕಿಗೆ ಹಿಡಿದು
"ಒಳ್ಗೆ ಏನಾರ ಐತಾ ತಾಯಿ?" ಅನ್ನುತ್ತಾಳೆ.

"ಐತೆ ಕಣಮ್ಮ.
ವಸಿ ತಡ."