ಒಸಿ ಅದುಮು

ಗುತ್ತಲು ರಸ್ತೆ, ಹಿಟ್ಟಿನ ಗಿರಣಿಯ ಮೇಲಿನ ಕೋಣೆ.
ಮೂರನೆಯ ರಾತ್ರಿ.
ಗುಂಡಿ ಒತ್ತಿದರೆ ಎಲ್ಲವೂ ಆಗುತ್ತದೆ:
ಫ್ಯಾನು ಮೂರೂ ತಿರುಗುತ್ತವೆ,
ಗಾಜಿನ ಪಕ್ಕೆಯೊಳಗೆ ಬಣ್ಣ ಬಣ್ಣದ ದೀಪ
ಮದುವೆಮನೆ ಚಪ್ಪರದ ಹಾಗೆ.
ಒಳಗೆ ಗಂಡೂ ಇಲ್ಲ, ಹೆಣ್ಣೂ ಇಲ್ಲ.
ಪರದೆ ಮಾತ್ರ ಕರಿ ಹಂಚು,
ಅದರ ಮೇಲೆ ನನ್ನದೇ ಮುಖ.

ಹನ್ನೊಂದನೇ ತಿಂಗಳು ಕೂಗಿ ಎತ್ತಿದ ಚೀಟಿಯ ದುಡ್ಡು ಇದು.
ಹಳೆಯದರಲ್ಲಿ 'ಕ್ಷ' ಒತ್ತಿದರೆ
ಅದು ಮೂಡುವಷ್ಟರಲ್ಲಿ ಕಾಫಿ ಆರಿರುತ್ತಿತ್ತು.
ಸೋಮವಾರ ಏಳು ಶಾಲೆಗಳ ಪ್ರಶ್ನೆಪತ್ರಿಕೆ ಕೊಡಬೇಕು.
ಬಿಡಿಭಾಗ ಕೊಡಿ, ನಾನೇ ಜೋಡಿಸ್ತೀನಿ ಅಂದಾಗ
ಅಂಗಡಿಯವನು ನಕ್ಕಿದ್ದ.
ಆ ನಗುವನ್ನೂ ಬಿಲ್ಲಿನ ಜೊತೆ ಮಡಚಿ ತಂದಿದ್ದೆ.

ಮೊದಲ ರಾತ್ರಿ ಅನುಮಾನ ಕರೆಂಟಿನ ಮೇಲೆ.
ಕೆಳಗೆ ಗಿರಣಿ ಶುರುವಾದರೆ
ನನ್ನ ಟ್ಯೂಬ್‌ಲೈಟು ಕಣ್ಣು ಹೊಡೆಯುತ್ತದೆ.
ಹಗಲು ವೋಲ್ಟೇಜು ಸಾಲದೆಂದು ರಾತ್ರಿ ಬೀಸುವ ದ್ಯಾವಣ್ಣ
ಕಲ್ಲು ನಿಲ್ಲಿಸಿ, ಮೂಟೆಗೊರಗಿ ಕಾದ,
ಹತ್ತು ನಿಮಿಷ, ನನಗಾಗಿ.
"ಬಂತೇನವ್ವ?"
"ಇಲ್ಲ ಕಣಣ್ಣ."
ಮತ್ತೆ ರಾಗಿ ಸುರಿದ.

ಎರಡನೆಯ ರಾತ್ರಿ ಸಿಕ್ಕಿದ್ದರ ಮೇಲೆಲ್ಲ ಅನುಮಾನ.
ಎಂಟು ಪಿನ್ನಿನ ತಂತಿ ಕಿತ್ತು ಚುಚ್ಚಿದೆ.
ಬೋರ್ಡಿನ ಪುಟ್ಟ ಬ್ಯಾಟರಿ ತೆಗೆದು, ನೂರು ಎಣಿಸಿ, ಹಾಕಿದೆ.
ಪರದೆಯ ಕೇಬಲ್ಲು ಈ ತೂತಿಂದ ಆ ತೂತಿಗೆ.
ಸ್ಕ್ರೂ ಒಂದು ಬಿದ್ದು ಡಬ್ಬದ ಹೊಟ್ಟೆಯಲ್ಲಿ ಗಿಲಿಗಿಲಿ.
ಇಡೀ ಡಬ್ಬ ತಲೆಕೆಳಗು ಮಾಡಿ ಅಲ್ಲಾಡಿಸಿದೆ,
ಚಿಕ್ಕಂದಿನಲ್ಲಿ ಮಣ್ಣಿನ ಹುಂಡಿ ಅಲ್ಲಾಡಿಸಿದ ಹಾಗೆ.
ಸಿಕ್ಕಿತು. ಅದೇ ಇರಬೇಕು.
ಅದಲ್ಲ.
'ಅದೇ ಇರಬೇಕು' ಎಂಬ ಮಾತು
ಬೆಳಗಾಗುವುದರೊಳಗೆ ಹದಿನಾಲ್ಕು ಸಲ ಸತ್ತಿತು.

ಬೋರ್ಡಿನ ಮೂಲೆಯಲ್ಲಿ ಸಾಸಿವೆಯಷ್ಟು ಹಳದಿ ದೀಪ.
ಮೊದಲಿನಿಂದಲೂ ಉರಿಯುತ್ತಿತ್ತು.
ಅದೂ ಅಲಂಕಾರ ಅಂದುಕೊಂಡಿದ್ದೆ.
ಇಷ್ಟೊಂದು ದೀಪಗಳ ನಡುವೆ
ಯಾವುದು ಹಬ್ಬ, ಯಾವುದು ಕೂಗು,
ಯಾರಿಗೆ ಗೊತ್ತಾಗಬೇಕು?

ಈ ರಾತ್ರಿ ಪೇಟೆ ಬೀದಿಯ ನಾಜ್ನೀನ್ ಬಂದಳು,
ಮೊಬೈಲು ಬಿಚ್ಚಿ ಬಿಚ್ಚಿ ಉಗುರು ಚಪ್ಪಟೆಯಾದವಳು.
ಕಂಕುಳ ಮಗುವನ್ನು ನನ್ನ ಮಡಿಲಿಗೆ ಹಾಕಿ
ಟಾರ್ಚು ಹಿಡಿದಳು.
ಹಳದಿಯ ಪಕ್ಕದ ಇರುವೆಯಂಥ ಅಕ್ಷರ ಓದಿದಳು.
"ರ‍್ಯಾಮು. ಕೂತಿಲ್ಲ."
ಕೂತಿದೆಯಲ್ಲೇ, ನೋಡು, ನೆಟ್ಟಗೆ.
"ಸಾಲ ಕೇಳೋಕೆ ಬಂದ ನೆಂಟರಂಗೆ ಕೂತೈತೆ, ತುದೀಲಿ.
ಒಸಿ ಅದುಮು."

ನಿಜ, ನಾನು ಅದುಮಿರಲಿಲ್ಲ.
ಆರು ಸಾವಿರದ ಎರಡು ಕಡ್ಡಿ;
ಬಸುರಿ ಬೆಕ್ಕನ್ನು ಎತ್ತುವ ಹಾಗೆ ಎತ್ತಿ,
ಹೂ ಮುಡಿಸುವ ಹಾಗೆ ಇಟ್ಟಿದ್ದೆ.
ಮುರಿದೀತೆಂಬ ಭಯಕ್ಕೆ
ಜೋಪಾನ ಅಂತ ಹೆಸರಿಟ್ಟು
ಎಷ್ಟು ವರ್ಷ ಸಾಕಿದೆನೋ.

ಮಗುವನ್ನು ಅವಳಿಗೆ ಕೊಟ್ಟೆ.
ಹೆಬ್ಬೆರಳು ಊರಿದೆ. ಬೋರ್ಡು ಬಾಗಿತು,
ಜೀವ ಬಾಯಿಗೆ ಬಂತು.
ಹಸಿ ಕಡಲೆಕಾಯಿ ಒಡೆದಂತೆ
ಟಕ್.
ಇನ್ನೊಂದು ತುದಿ.
ಟಕ್.
ಮಗು ಬೆಚ್ಚಿ, ಒಂದು ಗಳಿಗೆ ಯೋಚಿಸಿ,
ಅಳುವುದು ಬೇಡ ಎಂದು ತೀರ್ಮಾನಿಸಿತು.

ಎರಡನೆಯ ಕಡ್ಡಿಯೂ ಕೂತಿತು. ಗುಂಡಿ ಒತ್ತಿದೆ.
ಹಳದಿ ಆರಿತು.
ಕರಿ ಪರದೆಯ ಮೇಲೆ ಬಿಳಿ ಅಕ್ಷರ, ಇಂಗ್ಲಿಷಿನಲ್ಲೇ ಗೊಣಗಾಟ:
ಹೊರಡೋಣ ಎಂದರೆ ಡಿಸ್ಕಿನಲ್ಲಿ ಏನೂ ಇಲ್ಲ,
ತಂದು ಹಾಕಿ, ಯಾವುದಾದರೂ ಕೀಲಿ ಒತ್ತಿ.

ಗೆದ್ದೆವೆಂದೇನಲ್ಲ.
ವಿಂಡೋಸ್ ಹಾಕಬೇಕು, ಕನ್ನಡ ಹಾಕಬೇಕು,
ಪ್ರಿಂಟರಿನ ಮುನಿಸು ಬೇರೆ ಇದೆ.
ಆದರೂ ಮೂರು ರಾತ್ರಿ ಬರೀ ಉಸಿರಾಡಿದ್ದು
ಬಾಯಿಬಿಟ್ಟು, ನನಗೆ ಇಂಥದ್ದಿಲ್ಲ ಅಂದಿತಲ್ಲ.
ನಾಜ್ನೀನ್ ಚಹಾಕ್ಕೆ ನೀರಿಟ್ಟಳು, ಕೇಳದೆಯೇ.

ಕೆಳಗಿನಿಂದ ದ್ಯಾವಣ್ಣ: "ಬಂತೇನವ್ವ?"
"ಬಂತು ಕಣಣ್ಣ. ಬರ್ತಾನೇ ಕ್ಯಾತೆ ತೆಗೀತು."
"ಹಂಗಾರೆ ಬದುಕ್ತದೆ ಬುಡು."
ಕಲ್ಲು ತಿರುಗಿತು.
ಟ್ಯೂಬ್‌ಲೈಟು ಕಣ್ಣು ಹೊಡೆಯಿತು.
ಪರದೆ ಹೊಡೆಯಲಿಲ್ಲ.