ಪಾಳಿ ಬದಲಾಗುವ ಹೊತ್ತು

ಮಂಡಿಪೇಟೆಯ ನಮ್ಮಂಗಡಿಗೆ ಹಾಲೇಶಪ್ಪ ಬಂದರು
ಸಂತೆಯಿಂದ ಕೋಳಿ ತಂದ ಹಾಗೆ
ಕಂಕುಳಲ್ಲಿ ಟವೆಲು ಸುತ್ತಿದ ಆಂಪ್ಲಿಫೈಯರು.
‘ಜೋರಿಟ್ರೆ ಚೆಂದ ಐತಿ, ಉಸ್ತಾದರ ಮಗಳೇ.
ಸಣ್ಣಕಿಟ್ರೆ ತಂಬೂರಿಗೆ ಹಲ್ಲು ಮೂಡ್ತಾವ.’

ಮೂವತ್ತೊಂದು ವರ್ಷ ಹತ್ತಿ ಗಿರಣಿಯಲ್ಲಿ
ಎಳೆ ಹರಿದದ್ದನ್ನು ಕಣ್ಣಿಗಿಂತ ಮೊದಲು
ಕಿವಿಯಲ್ಲಿ ಹಿಡಿದವರು.
ಮೀಟರಿಗೆ ಕಾಣದ್ದು ಅವರಿಗೆ ಕೇಳುತ್ತದೆ.

ಮುಚ್ಚಳ ಬಿಚ್ಚಿ ಉಫ್ ಎಂದು ಊದಿದೆ.
ನೋಡಿ, ಇಲ್ಲಿ ಇಬ್ಬರು ಆಳು.
ಅಲೆ ಮೇಲೇರಿದರೆ ಇವನು ಹೊರುತ್ತಾನೆ,
ಕೆಳಗಿಳಿದರೆ ಅವನು.
ಒಬ್ಬ ದುಡಿವಾಗ ಇನ್ನೊಬ್ಬನಿಗೆ ನಿದ್ದೆ,
ಕರೆಂಟು ಉಳಿತಾಯ. ಬಿ ಕ್ಲಾಸು ಅಂದರೆ ಇಷ್ಟೇ.
ತೊಂದರೆ ಇರುವುದು ಸೊನ್ನೆಯ ಹತ್ತಿರ:
ಇವನು ಕೈಬಿಟ್ಟಾಗಿದೆ,
ಅವನಿನ್ನೂ ಕಣ್ಣುಜ್ಜುತ್ತಿದ್ದಾನೆ,
ನಡುವೆ ಒಂದು ಗುಂಡಿ.
ದೊಡ್ಡ ದನಿ ಹಾರಿ ದಾಟುತ್ತದೆ.
ಸಣ್ಣದು ಎಡವುತ್ತದೆ.

‘ಇಬ್ರೂ ಮಲಗದಂಥಾದ್ದು ಇಲ್ಲೇನು?’

ಉಂಟು, ಎ ಕ್ಲಾಸು.
ಎದುರಿನ ಬೆಣ್ಣೆದೋಸೆ ಹೋಟೆಲಿನ ಕಾವಲಿ ಹಾಗೆ,
ಗಿರಾಕಿ ಬರಲಿ ಬಿಡಲಿ, ನಸುಕಿನಿಂದ ಕಾದೇ ಇರುತ್ತದೆ.
ಹಿಟ್ಟು ಬಿತ್ತೋ, ಚುರ್.
ಸೌದೆಯ ಲೆಕ್ಕ ಮಾತ್ರ ಕೇಳಬಾರದು.
ಅಬ್ಬಾ ಒಂದು ಕಟ್ಟಿಟ್ಟಿದ್ದರು.
ಏಪ್ರಿಲ್ಲಿನಲ್ಲಿ ಹಾಡು ಮುಗಿದರೂ ಬೆವರು ಮುಗಿಯುತ್ತಿರಲಿಲ್ಲ.
ಮಳೆಗಾಲದಲ್ಲಿ ಅಮ್ಮಿ ಅದರ ಮೇಲೆ
ತಮ್ಮನ ಕಾಲುಚೀಲ ಒಣಗಿಸುತ್ತಿದ್ದಳು.

ಮೊಮ್ಮಗ ಹೇಳಿದ್ದನಂತೆ, ಡಿ ಕ್ಲಾಸಿನದು ತಗೋ ತಾತ,
ಅಂಗೈ ಅಗಲ, ಬಿಸಿಯೇ ಆಗಲ್ಲ.
ಹುಡುಗ ಹೇಳಿದ್ದು ಸುಳ್ಳಲ್ಲ.
ಅದಕ್ಕೆ ಗೊತ್ತಿರುವುದು ಎರಡೇ: ಹಾಕು, ಆರಿಸು.
ರೆಪ್ಪೆ ಬಡಿಯುವುದರೊಳಗೆ ಲಕ್ಷ ಸಲ.
ಭಟ್ಟಿಯಲ್ಲಿ ಮಂಡಕ್ಕಿ ಕಾಳು ಕಾಳಾಗಿ ಸಿಡಿದರೂ
ಬೀದಿಗೆ ಕೇಳುವುದು ಒಂದೇ ಸಮನೆ ಮಳೆ.

‘ಇರ್ಲಿ. ಇದನ್ನ ಸರಿ ಮಾಡವ್ವಾ.’

ಒಳಗೊಂದು ಸಣ್ಣ ತಿರುಪು.
ಮಲಗುವವನನ್ನು ಪೂರ್ತಿ ಮಲಗಗೊಡಬಾರದು, ಅಷ್ಟೇ.
ಐದು ಮಿಲಿವೋಲ್ಟು. ಒಂಬತ್ತು. ಹದಿನಾಲ್ಕು.
ತಡೆದೆ. ಕಬ್ಬಿಣ ಕಾಯದೆ ನಿಜ ಹೇಳುವುದಿಲ್ಲ,
ಇಪ್ಪತ್ತು ನಿಮಿಷ ಸುಮ್ಮನೆ ಬಿಡಬೇಕು.
ಚಹಾ ಹೇಳಿದೆ.

ಬಸಿಯಲ್ಲಿ ಆರಿಸುತ್ತ ಅವರೇ ಶುರು ಮಾಡಿದರು.
‘ಸೈರನ್ನು ಆಗ್ತಿತ್ತು. ಅವ ಹೋದ, ಇವ ಬರಲಿಲ್ಲ,
ಅಷ್ಟ್ರಾಗ ನಲವತ್ತು ಎಳಿ ಹರದಿರ್ತಿದ್ವು.
ಆಮೇಲೆ ಮೇಸ್ತ್ರಿ ಒಂದು ಕಾಯ್ದೆ ಮಾಡಿದ:
ಬರಾವ ಹತ್ತು ನಿಮಿಷ ಮೊದ್ಲ ಬರಬೇಕು,
ಹೋಗಾವ ಅಲ್ಲೀತನಕ ನಿಲ್ಲಬೇಕು.
ನಾಕೂ ಕೈ ಒಂದ ಎಳಿ ಮ್ಯಾಲ.
ಒಂದೂ ಹರೀಲಿಲ್ಲ ನೋಡು.’

ಎಬಿ ಕ್ಲಾಸು, ಅಂದೆ.

‘ಹೆಸರು ಗೊತ್ತಿರಲಿಲ್ಲ’ ಅಂದರು.
ಬಸಿ ಕೆಳಗಿಟ್ಟು,
‘ಆ ಹತ್ತು ನಿಮಿಷಕ್ಕ ಪಗಾರ ಇರಲಿಲ್ಲ.’

ಹದಿನೆಂಟಕ್ಕೆ ನಿಲ್ಲಿಸಿ ಕ್ಯಾಸೆಟ್ಟು ಹಾಕಿದೆ,
ಗುಂಡಿ ತಿರುಗಿಸಿದೆ, ಇನ್ನೂ ಕೆಳಗೆ, ಇನ್ನೂ.
ಹೊರಗೆ ಹಮಾಲರ ಗಾಡಿ, ಮೆಣಸಿನ ಮೂಟೆ, ಸೀನು.
ಒಳಗೆ ತಂತಿ ಬಿಡದೆ ಹರಿಯುತ್ತಿತ್ತು,
ಹಲ್ಲಿಲ್ಲದ ಬಾಯಿಂದ ಜೋಗುಳ ಬಂದ ಹಾಗೆ.
ಹಾಲೇಶಪ್ಪ ಬೆರಳು ಚಾಚಿ
ಅಲ್ಯುಮಿನಿಯಂ ರೆಕ್ಕೆಗಳನ್ನು ಮುಟ್ಟಿ ನೋಡಿದರು.
ಉಗುರುಬೆಚ್ಚಗೆ.
ಹಾಡು ನಿಲ್ಲಿಸಿದ ಮೇಲೂ ಕೈ ತೆಗೆಯಲಿಲ್ಲ.

ಬಿಲ್ಲು ಬರೆದೆ: ತಿರುಪು, ಕಾಲು ಸುತ್ತು. ಧೂಳು.
ಕನ್ನಡಕ ಏರಿಸಿ ಓದಿ ವಾಪಸು ಕೊಟ್ಟರು.
‘ಆ ಇಪ್ಪತ್ತು ನಿಮಿಷ ಎಲ್ಲೈತಿ?
ಅದನ್ನೂ ಬರಿ.’